ಚಾನೆಲ್ ತೆರೆಯೋದು ಮುಚ್ಚೋದು ಸರಿ, ಎಷ್ಟು ಚಾನೆಲ್ ಇರ್ಬೇಕು ಅಂತ ಯಾರು ತೀರ್ಮಾನ ಮಾಡೋದು? (ನೆಡ್‌4-2, ಕಿಡ್ನಿ, ಉಪ್ಪು, ಬಿಪಿ)

ಕೆರೆಏರಿ
ಎಲ್ಲರಿಗೂ ನಮಸ್ಕಾರ. ತುಮಕೂರು ಕಡೆ ಪಿಯು ಕಾಲೇಜಲ್ಲಿ ಬಯಾಲಜಿ ಹೇಳ್ಕೊಡ್ತೀನಿ. ಹೋದ ವಾರ ಫಸ್ಟ್ ಪಿಯು ಮಕ್ಕಳಿಗೆ ಮೂತ್ರಪಿಂಡದ ಪಾಠ ನಡೀತಿತ್ತು, ನೆಫ್ರಾನ್ ಚಿತ್ರ ಬರೆದು ಇಲ್ಲಿ ಸೋಡಿಯಂ ವಾಪಸ್ ಹೀರ್ಕೊಳ್ಳತ್ತೆ, ಅದಕ್ಕೆ ಜೀವಕೋಶದ ಪೊರೆಯಲ್ಲಿ ಚಾನೆಲ್ ಇರತ್ತೆ, ಅದು ತೆರೆಯತ್ತೆ ಮುಚ್ಚತ್ತೆ ಅಂತ ಹೇಳ್ತಿದ್ದೆ. ಹಿಂದಿನ ಬೆಂಚಲ್ಲಿ ಕೂರೋ ಒಬ್ಬಳು ಹುಡುಗಿ, ಜಾಸ್ತಿ ಮಾತಾಡೋಳೇ ಅಲ್ಲ, ಎದ್ದು ನಿಂತು "ಸರ್, ಒಂದು ಕೋಶಕ್ಕೆ ಒಟ್ಟು ಎಷ್ಟು ಚಾನೆಲ್ ಇರ್ಬೇಕು ಅಂತ ಯಾರು ಲೆಕ್ಕ ಇಟ್ಕೊಂಡಿರ್ತಾರೆ" ಅಂದ್ಲು. ನಾಳೆ ಹೇಳ್ತೀನಮ್ಮ ಅಂದೆ. ಆ ನಾಳೆ ಬರೋಕೆ ಹತ್ತು ದಿನ ಆಯ್ತು, ಯಾಕಂದ್ರೆ ಓದ್ತಾ ಓದ್ತಾ ನಾನೇ ಅದರೊಳಗೆ ಮುಳುಗಿಹೋದೆ.

ಓದಿದ್ದನ್ನ ಇಲ್ಲಿ ಹಾಕ್ತೀನಿ, ತಪ್ಪಿದ್ರೆ ತಿದ್ದಿ.

ನಮ್ಮ ಕಿಡ್ನಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸತ್ತೆ. ಅದರಲ್ಲಿರೋ ಸೋಡಿಯಂನ ಅಡುಗೆ ಉಪ್ಪಿನ ಲೆಕ್ಕಕ್ಕೆ ತಂದ್ರೆ ಹತ್ತಿರ ಹತ್ತಿರ ಒಂದೂವರೆ ಕೆಜಿ! ಬಹುಪಾಲನ್ನ ನೆಫ್ರಾನ್ ನಾಳದ ಮೊದಲ ಭಾಗಗಳೇ ವಾಪಸ್ ರಕ್ತಕ್ಕೆ ಕಳಿಸ್ತವೆ. ಕೊನೇ ಕೆಲವೇ ಪರ್ಸೆಂಟ್ ಬಾಕಿ ಇರತ್ತಲ್ಲ, ಅದನ್ನ ಎಷ್ಟು ಉಳಿಸ್ಕೋಬೇಕು ಎಷ್ಟು ಮೂತ್ರದಲ್ಲಿ ಬಿಡ್ಬೇಕು ಅನ್ನೋದು ನಾಳದ ತುದಿಯಲ್ಲಿ, ಈನ್ಯಾಕ್ ಅನ್ನೋ ಸೋಡಿಯಂ ಚಾನೆಲ್ ಹತ್ರ ನಿರ್ಧಾರ ಆಗತ್ತೆ. ಕೆರೆಗೆ ತೂಬು ಇದ್ದ ಹಾಗೆ. ಕೆರೆ ಎಷ್ಟೇ ದೊಡ್ಡದಿರಲಿ, ಗದ್ದೆಗೆ ಎಷ್ಟು ನೀರು ಅನ್ನೋದು ತೂಬಲ್ಲೇ ತಾನೆ ಗೊತ್ತಾಗೋದು.

ಇನ್ನೊಂದು ಕಡೆಯಿಂದ ಬನ್ನಿ. 1992ರಲ್ಲಿ ಶರದ್ ಕುಮಾರ್ ಅನ್ನೋ ಮಾಲಿಕ್ಯುಲರ್ ಬಯಾಲಜಿಸ್ಟ್, ಜಪಾನ್‌ನಲ್ಲಿ ಟೊಮೂಕಾ ಮತ್ತೆ ನೋಡಾ ಅನ್ನೋರ ಜೊತೆ ಸೇರ್ಕೊಂಡು ಇಲಿಯ ಮೆದುಳಲ್ಲಿ ಒಂದಷ್ಟು ಜೀನ್‌ಗಳನ್ನ ಹೆಕ್ಕಿ ತೆಗೀತಾರೆ. ಮೆದುಳು ಇನ್ನೂ ರೂಪ ತಗೊಳ್ತಿರುವಾಗ ಜೋರಾಗಿ ಕೆಲಸ ಮಾಡಿ, ಬೆಳೀತಾ ಬೆಳೀತಾ ತಣ್ಣಗಾಗೋ ಜೀನ್‌ಗಳು. ಇದಿಷ್ಟೇ ಗುರುತು, ಒಂದೊಂದರ ಕೆಲಸ ಏನು ಅಂತ ಆಗ ಯಾರಿಗೂ ಗೊತ್ತಿಲ್ಲ. ನೆಡ್1, ನೆಡ್2, ನೆಡ್3 ಅಂತ ನಂಬರ್ ಕೊಟ್ಟು ಇಟ್ರು. ಅದರಲ್ಲಿ ನಾಲ್ಕನೇದು ಮುಂದೆ ಕಿಡ್ನಿಯ ಉಪ್ಪಿನ ತೂಬಿಗೆ ಬಂದು ಸೇರ್ಕೊಳ್ಳತ್ತೆ! ಕುಮಾರ್ ಆಮೇಲೆ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಲ್ಯಾಬ್ ಕಟ್ಕೊಂಡು ಈ ನೆಡ್4 ಮತ್ತೆ ಅದರ ತಮ್ಮ, ಅಂದ್ರೆ ಅದನ್ನೇ ಹೋಲೋ ಇನ್ನೊಂದು ಜೀನ್, ನೆಡ್4-2 ಬೆನ್ನು ಹತ್ತಿ ಎಷ್ಟೋ ವರ್ಷ ಕೆಲಸ ಮಾಡಿದ್ದಾರೆ. ಆ ಹುಡುಗಿ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲೇ ಇದೆ ಅಂತ ನನಗನ್ಸತ್ತೆ. ಈ ಫೀಲ್ಡ್‌ನೋರು ಯಾರಾದ್ರೂ ಇದ್ರೆ ಮುಂದುವರೆಸಿ.

ಧಾರವಾಡದಾಂವ
ಸರ್ ಭಾಳ ಛಲೋ ಬರದೀರಿ. ನಾ ಬಯೋಕೆಮಿಸ್ಟ್ರಿ ಎಂಎಸ್ಸಿ, ಈ ಸೆಮಿಸ್ಟರ್‌ನ್ಯಾಗ ಇದನ್ನ ಸೆಮಿನಾರ್ ಕೊಟ್ಟೀನಿ ಅದಕ್ಕ ಸ್ವಲ್ಪ ಸೇರಸ್ತೀನಿ.

ಈನ್ಯಾಕ್ ಅಂದ್ರ ಮೂರು ತುಂಡಿನ ಪ್ರೋಟೀನ್ ನೋಡ್ರಿ, ಆಲ್ಫಾ ಬೀಟಾ ಗಾಮಾ. ಮೂರಕ್ಕೂ ಕೋಶದ ಒಳಗ ಒಂದೊಂದು ಬಾಲ ಜೋತಾಡ್ತಿರ್ತದ. ಆ ಬಾಲದಾಗ ಪ್ರೋಲೀನ್, ಪ್ರೋಲೀನ್, ಆಮ್ಯಾಲೆ ಯಾವುದರ ಒಂದು ಅಮೈನೋ ಆಮ್ಲ, ಆಮ್ಯಾಲೆ ಟೈರೋಸಿನ್, ಹಿಂಗ ಒಂದು ಸಣ್ಣ ಸಾಲು ಐತಿ. ಪಿವೈ ಮೋಟಿಫ್ ಅಂತಾರ. ನೆಡ್4 ಜೀನ್ ಮಾಡೂ ಪ್ರೋಟೀನ್ ಮೈಮ್ಯಾಲೆ ಡಬ್ಲ್ಯೂಡಬ್ಲ್ಯೂ ಅನ್ನೋ ಸಣ್ಣ ಸಣ್ಣ ಮಡಿಕೆ ಅದಾವ, ಕೊಕ್ಕಿ ಇದ್ದಂಗ. ಆ ಕೊಕ್ಕಿ ಬಂದು ಈ ಬಾಲ ಹಿಡಕೊಂತದ. 1996ರಾಗ ಟೊರಾಂಟೊದಾಗ ಡೇನಿಯೆಲಾ ರೋಟಿನ್ ಲ್ಯಾಬಿನ್ಯಾಗ ಒಲಿವಿಯರ್ ಸ್ಟೌಬ್ ಇದನ್ನ ತೋರ್ಸಿದ್ರು.

ಹಿಡಕೊಂಡು ಏನ್ ಮಾಡ್ತದ ಅಂದ್ರ ಯುಬಿಕ್ವಿಟಿನ್ ಅಂಟಸ್ತದ. ಯುಬಿಕ್ವಿಟಿನ್ ಅಂದ್ರ 76 ಅಮೈನೋ ಆಮ್ಲದ ಪುಟ್ಟ ಪ್ರೋಟೀನ್. ಇದರ ಕೆಲಸ ಕಂಡು ಹಿಡದಿದ್ದಕ್ಕ 2004ರಾಗ ಸೀಕನೋವರ್, ಹರ್ಶ್ಕೊ, ರೋಸ್ ಮೂರೂ ಮಂದಿಗೆ ನೊಬೆಲ್ ಬಂತು. ನಮ್ಮ ಹುಬ್ಬಳ್ಳಿ-ಧಾರವಾಡದಾಗ ರಸ್ತೆ ಅಗಲ ಮಾಡೂ ಮುಂದ ಮನಿ ಗ್ವಾಡಿಗೆ ಕೆಂಪು ಬಣ್ಣದ ಗುರ್ತು ಹಾಕಿ ಹೋಗ್ತಿದ್ರಲ್ಲಾ, ಥೇಟ್ ಹಂಗ. ಗುರ್ತು ಬಿದ್ದ ಚಾನೆಲ್‌ನ ಕೋಶ ಒಳಗ ಎಳಕೊಂಡು ಒಡದು ಹಾಕ್ತದ. ಈನ್ಯಾಕ್ ಭಾಳ ಹೊತ್ತು ಬಾಳೂದಿಲ್ರಿ, ಹಳೇದು ಹೋಗಿ ಹೊಸದು ಬರೂದು ತಾಸು ತಾಸಿನ ಲೆಕ್ಕದಾಗ ನಡೀತಿರ್ತದ.

ಹಂಗಾಗಿ ಒಂದು ಮಾತು ಸರ್. ತೂಬು ಮುಚ್ಚಿದಂಗ ಅಲ್ಲ ಇದು. ತೂಬನ್ನ ಕಿತ್ತು ತಗೀತದ. ಎರಡೂ ಬ್ಯಾರೆ ಬ್ಯಾರೆ.

ಕೆರೆಏರಿ
ಒಪ್ಪಿದೆ ಮಾರಾಯ, ಒಳ್ಳೇ ತಿದ್ದುಪಡಿ. ಆ ಕೆಂಪು ಗುರುತಿನ ಉದಾಹರಣೆ ನಾಳೆ ಕ್ಲಾಸಲ್ಲಿ ಹೇಳ್ತೀನಿ.

ಕಪ್ಪೆಮೊಟ್ಟೆ
ಈ ಥ್ರೆಡ್ ನೋಡಿ ಲಾಗಿನ್ ಆಗದೇ ಇರೋಕಾಗ್ಲಿಲ್ಲ. ಶಿವಮೊಗ್ಗದವನು, ಈಗ ಯುರೋಪ್‌ನಲ್ಲಿ ಪೋಸ್ಟ್‌ಡಾಕ್, ನಾಲ್ಕು ವರ್ಷ ಇದೇ ಚಾನೆಲ್ ಮೇಲೆ ಕೈ ಇಟ್ಟಿದ್ದೀನಿ. ಇದನ್ನೆಲ್ಲ ಹೇಗೆ ಕಂಡು ಹಿಡೀತಾರೆ ಅಂತ ಯಾರೂ ಬರೆಯಲ್ಲ, ನಾನು ಬರೀತೀನಿ.

ಆಫ್ರಿಕಾದ ಒಂದು ಜಾತಿ ಕಪ್ಪೆ ಇದೆ, ಝೆನೊಪಸ್ ಅಂತ. ಅದರ ಮೊಟ್ಟೆ ಒಂದು ಮಿಲಿಮೀಟರ್‌ಗಿಂತ ಸ್ವಲ್ಪ ದೊಡ್ಡದು, ಸಾಸಿವೆ ಕಾಳಿನಷ್ಟು ಅಂದ್ಕೊಳ್ಳಿ, ಅರ್ಧ ಕಡು ಕಂದು ಅರ್ಧ ಕೆನೆ ಬಣ್ಣ. ಮೈಕ್ರೋಸ್ಕೋಪ್ ಕೆಳಗೆ ಒಂದೊಂದನ್ನೇ ಆರಿಸಿ, ಕಲೆ ಇಲ್ಲದ, ಎರಡು ಬಣ್ಣದ ಗಡಿ ಚೂಪಾಗಿರೋದನ್ನ ಮಾತ್ರ ಇಟ್ಕೊಂಡು, ಕೂದಲಿಗಿಂತ ಸಣ್ಣ ಗಾಜಿನ ಸೂಜಿಯಲ್ಲಿ ಈನ್ಯಾಕ್‌ನ ಮೂರೂ ತುಂಡಿನ ಆರ್‌ಎನ್‌ಎ (ಆ ಪ್ರೋಟೀನ್ ಹೇಗೆ ಮಾಡ್ಬೇಕು ಅನ್ನೋ ಸೂಚನೆ) ಚುಚ್ಚಿ ಹಾಕ್ಬೇಕು. ಸೂಜಿ ಒಳಗೆ ಹೋದಾಗ ಮೊಟ್ಟೆ ಮೇಲೆ ಸಣ್ಣ ಗುಳಿ ಬೀಳತ್ತೆ, ದ್ರವ ಹೋದ ತಕ್ಷಣ ಸ್ವಲ್ಪ ಉಬ್ಬತ್ತೆ, ಆ ಉಬ್ಬು ಕಂಡ್ರೆ ಸರಿಯಾಗಿ ಹೋಯ್ತು ಅಂತ ಅರ್ಥ. ಆಮೇಲೆ 18 ಡಿಗ್ರಿ ಇನ್‌ಕ್ಯುಬೇಟರ್‌ನಲ್ಲಿ ಒಂದೆರಡು ದಿನ ಇಡ್ತೀವಿ. ಮೊಟ್ಟೆ ಪಾಪ ಅದು ತನ್ನದೇ ಆರ್‌ಎನ್‌ಎ ಅಂದ್ಕೊಂಡು ಮನುಷ್ಯರ ಕಿಡ್ನಿ ಚಾನೆಲ್ ತಯಾರು ಮಾಡಿ ತನ್ನ ಪೊರೆ ಮೇಲೆ ನೆಡತ್ತೆ. ಇಡೋ ನೀರಲ್ಲಿ ಸೋಡಿಯಂ ಕಮ್ಮಿ ಇರ್ಬೇಕು, ಇಲ್ಲ ಚಾನೆಲ್‌ನ ಅಮಿಲೊರೈಡ್ ಅನ್ನೋ ಔಷಧಿ ಹಾಕಿ ಮುಚ್ಚಿಟ್ಟಿರ್ಬೇಕು, ಇಲ್ದಿದ್ರೆ ಒಳಗೆ ಉಪ್ಪು ತುಂಬ್ಕೊಂಡು ಮೊಟ್ಟೆ ಕೆಟ್ಟೇಹೋಗತ್ತೆ. ಮೊದಲನೇ ವರ್ಷ ಇದು ಗೊತ್ತಿಲ್ಲದೆ ಎರಡು ಪ್ಲೇಟ್ ಪೂರ್ತಿ ಕಳ್ಕೊಂಡಿದ್ದೆ.

ಎರಡು ದಿನ ಆದ್ಮೇಲೆ ಎರಡು ಗಾಜಿನ ಎಲೆಕ್ಟ್ರೋಡ್ ಚುಚ್ಚಿ ಕರೆಂಟ್ ಅಳೀತೀವಿ. ಸ್ಕ್ರೀನ್ ಮೇಲೆ ಗೆರೆ ಸೊನ್ನೆಯಿಂದ ದೂರ ಹೋಗಿ ನಿಂತಿರತ್ತೆ. ಅಮಿಲೊರೈಡ್ ಹರಿಸಿದ ಕೂಡಲೇ ಗೆರೆ ಸರ್ ಅಂತ ಸೊನ್ನೆ ಕಡೆ ಬರತ್ತೆ, ತೊಳೆದ್ರೆ ಮತ್ತೆ ವಾಪಸ್. ಆ ಅಂತರ ಇದೆಯಲ್ಲ, ಅದೇ ಈನ್ಯಾಕ್ ಹರಿಸಿದ ಕರೆಂಟು. ಈಗ ಬೀಟಾ ಬಾಲ ಕತ್ತರಿಸಿದ ಆರ್‌ಎನ್‌ಎ ಹಾಕಿ ನೋಡಿ, ಅಂತರ ಎರಡು ಮೂರು ಪಟ್ಟು ಆಗತ್ತೆ. ಮಾಮೂಲಿ ಚಾನೆಲ್ ಜೊತೆ ನೆಡ್4-2 ಆರ್‌ಎನ್‌ಎ ಕೂಡ ಚುಚ್ಚಿ, ಕರೆಂಟ್ ಕುಸಿಯತ್ತೆ. ಬಾಲ ಇಲ್ಲದ್ದಕ್ಕೆ ನೆಡ್4-2 ಹಾಕಿದ್ರೂ ಅಷ್ಟಾಗಿ ಏನೂ ಆಗಲ್ಲ, ಹಿಡಿಯೋಕೆ ಬಾಲವೇ ಇಲ್ವಲ್ಲ. ನಾನು ಕೈಯ್ಯಾರೆ ಇದನ್ನ ಮೊದಲ ಸಲ ನೋಡಿದ ದಿನ ರಾತ್ರಿ ಹನ್ನೊಂದು ಗಂಟೆ, ಲ್ಯಾಬಲ್ಲಿ ಬೇರೆ ಯಾರೂ ಇರ್ಲಿಲ್ಲ, ಊರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ. ಅಲ್ಲಿ ಬೆಳಗಿನ ಜಾವ. ಅರ್ಥ ಆಯ್ತೋ ಇಲ್ವೋ, ಒಳ್ಳೇದಾಯ್ತು ಮಗಾ ಅಂದ್ರು.

ಧಾರವಾಡದವರು ಹೇಳಿದ್ದಕ್ಕೆ ಒಂದು ಸೇರಿಸ್ಬೇಕು. ಬಾಲ ಹೋದ್ರೆ ಪೊರೆ ಮೇಲಿನ ಸಂಖ್ಯೆ ಜಾಸ್ತಿ ಆಗೋದು ಮಾತ್ರ ಅಲ್ಲ, ಒಂದೊಂದು ಚಾನೆಲ್ ತೆರೆದಿರೋ ಹೊತ್ತೂ ಜಾಸ್ತಿ ಆಗತ್ತೆ, 1996ರಲ್ಲೇ ಅದನ್ನ ಲೆಕ್ಕ ಹಾಕಿದ್ರು. ಆಮೇಲೆ ಮೊದಮೊದಲು ಎಲ್ಲರೂ ನೆಡ್4 ಅಂತಲೇ ಹೇಳ್ತಿದ್ರು, 2001ರ ಹೊತ್ತಿಗೆ ಈ ಚಾನೆಲ್ ಮೇಲೆ ನಿಜವಾಗಿ ಜೋರಾಗಿ ಕೆಲಸ ಮಾಡೋದು ನೆಡ್4-2 ಅಂತ ಗೊತ್ತಾಯ್ತು. ಹಳೇ ಪೇಪರ್ ಓದೋವಾಗ ಇದು ತಲೇಲಿರಲಿ.

ಹಾಸನದಕ್ಕ
ನಾನು ಸೈನ್ಸ್ ಓದಿದವಳಲ್ಲ, ಬಿಕಾಂ. ಅಮಿಲೊರೈಡ್ ಅಂತ ಹುಡುಕ್ತಾ ಇಲ್ಲಿಗೆ ಬಂದೆ, ಕಪ್ಪೆ ಮೊಟ್ಟೆಗೆ ಹಾಕೋ ಅದೇ ಮಾತ್ರೆ ನನ್ನ ತಮ್ಮ ಈಗ ದಿನಾ ತಗೊಳ್ತಾ ಇದ್ದಾನೆ.

ಅವನಿಗೆ 21 ವರ್ಷ. ಸೈನ್ಯಕ್ಕೆ ಸೇರ್ಬೇಕು ಅಂತ ಎರಡು ವರ್ಷದಿಂದ ಬೆಳಿಗ್ಗೆ ಎದ್ದು ಓಡ್ತಿದ್ದ. ಮೆಡಿಕಲ್‌ನಲ್ಲಿ ಬಿಪಿ 176/112 ಬಂತು ಅಂತ ವಾಪಸ್ ಕಳಿಸಿದ್ರು. ಮನೆ ಹತ್ರ ಒಬ್ಬರು ಡಾಕ್ಟರ್ ಹತ್ರ ಹೋದ್ವಿ, ಟೆನ್ಶನ್ನು, ಈ ವಯಸ್ಸಲ್ಲಿ ಬಿಪಿ ಎಲ್ಲ ಬರಲ್ಲ, ಮೊಬೈಲ್ ಕಮ್ಮಿ ಮಾಡು ಅಂತ ಹೇಳಿ ಒಂದು ಮಾತ್ರೆ ಕೊಟ್ರು. ಆರು ತಿಂಗಳಲ್ಲಿ ಮೂರು ಸಲ ಮಾತ್ರೆ ಬದಲಾಯ್ತು, ಬಿಪಿ ಇಳೀಲಿಲ್ಲ. ಆಮೇಲೆ ಕಾಲು ಸೋತು ಬರೋಕೆ ಶುರುವಾಯ್ತು, ಮೆಟ್ಟಿಲು ಹತ್ತೋವಾಗ ಕಂಬಿ ಹಿಡ್ಕೊಂಡು ನಿಂತು ಬಿಡೋನು. ನಮ್ಮಪ್ಪ 43ಕ್ಕೆ ಸ್ಟ್ರೋಕ್ ಆಗಿ ಹೋದ್ರು, ಅಮ್ಮನಿಗೆ ಅದೇ ಭಯ. ರಕ್ತ ಪರೀಕ್ಷೆ ಮಾಡಿಸಿದ್ರೆ ಪೊಟ್ಯಾಸಿಯಂ 2.7, ತುಂಬಾ ಕಮ್ಮಿಯಂತೆ. ಬೆಂಗಳೂರಿಗೆ ಕರ್ಕೊಂಡು ಹೋದ್ವಿ, ಅಲ್ಲಿ ಕಿಡ್ನಿ ಡಾಕ್ಟರ್ ರೆನಿನ್, ಆಲ್ಡೋಸ್ಟೀರಾನ್ ಅಂತ ಏನೋ ಮಾಡಿಸಿದ್ರು, ಎರಡೂ ತುಂಬಾ ಕಮ್ಮಿ ಬಂತು. ಲಿಡ್ಲ್ ಸಿಂಡ್ರೋಮ್ ಇರಬಹುದು, ಜೀನ್ ಟೆಸ್ಟ್ ಕಳಿಸೋಣ, ಅಷ್ಟರಲ್ಲಿ ಅಮಿಲೊರೈಡ್ ಶುರು ಮಾಡೋಣ ಅಂದ್ರು. ಹತ್ತು ದಿನಕ್ಕೆ 138/88. ಅಮ್ಮ ಅಳೋಕೆ ಶುರು ಮಾಡಿದ್ಲು.

ನನ್ನ ಪ್ರಶ್ನೆ ಇಷ್ಟೇ. ಒಂದು ಸಣ್ಣ ಬಾಲ ಅಂತೀರಲ್ಲ, ಅದರಿಂದ ಇಷ್ಟೆಲ್ಲ ಆಗತ್ತಾ? ಅವನು ಏನಾದ್ರೂ ತಪ್ಪು ಮಾಡಿದ್ನಾ, ಊಟದಲ್ಲಿ ಏನಾದ್ರೂ?

ನೆಫ್ರೋಮೈಸೂರು
ಅಕ್ಕಾ, ಮೊದಲು ಇದನ್ನ ಹೇಳ್ಬಿಡ್ತೀನಿ, ನಿಮ್ಮ ತಮ್ಮ ಏನೂ ತಪ್ಪು ಮಾಡಿಲ್ಲ. ಅದು ಲಿಡ್ಲ್ ಅಂತ ಖಚಿತ ಆದ್ರೆ ಹುಟ್ಟಿದಾಗಿನಿಂದ ಅವನ ಜೊತೆ ಇರೋದು. ನಾನು ಕಿಡ್ನಿ ಡಾಕ್ಟರ್, ಆದ್ರೆ ಇಲ್ಲಿ ಯಾರಿಗೂ ಚಿಕಿತ್ಸೆ ಹೇಳಲ್ಲ, ನಿಮ್ಮನ್ನ ನೋಡ್ತಿರೋ ಡಾಕ್ಟರ್ ಮಾತೇ ಫೈನಲ್. ಹಿನ್ನೆಲೆ ಮಾತ್ರ ಹೇಳ್ತೀನಿ.

1963ರಲ್ಲಿ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಗ್ರಾಂಟ್ ಲಿಡ್ಲ್ ಅನ್ನೋ ಡಾಕ್ಟರ್ ಒಂದು ಕುಟುಂಬದ ಬಗ್ಗೆ ಬರೆದ್ರು. ಹದಿನಾರು ವರ್ಷದ ಹುಡುಗಿ, ಬಿಪಿ ವಿಪರೀತ, ಪೊಟ್ಯಾಸಿಯಂ ಕಮ್ಮಿ, ಒಡಹುಟ್ಟಿದವರಿಗೂ ಅದೇ. ನೋಡಿದ್ರೆ ಆಲ್ಡೋಸ್ಟೀರಾನ್ ಹಾರ್ಮೋನ್ ಜಾಸ್ತಿ ಆದ ಹಾಗೇ ಕಾಣತ್ತೆ, ಅಳೆದ್ರೆ ಹಾರ್ಮೋನ್ ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ! ಆ ಹಾರ್ಮೋನ್ ತಡೆಯೋ ಸ್ಪೈರೊನೊಲ್ಯಾಕ್ಟೋನ್ ಕೊಟ್ರೆ ಉಪಯೋಗ ಇಲ್ಲ, ಅಮಿಲೊರೈಡ್ ಥರದ್ದೇ ಆದ ಟ್ರಯಾಮ್ಟೆರೀನ್ ಕೊಟ್ರೆ ಇಳಿಯತ್ತೆ. ಅಂದ್ರೆ ತೊಂದರೆ ಹಾರ್ಮೋನ್‌ದಲ್ಲ, ಕಿಡ್ನಿಯದೇ ಅಂತ ಅವರು ಆಗಲೇ ಊಹೆ ಮಾಡಿದ್ರು, ಚಾನೆಲ್ ಅಂದ್ರೇನು ಅಂತ ಯಾರೂ ನೋಡಿರದ ಕಾಲದಲ್ಲಿ. ಆ ಹುಡುಗಿಗೆ ಮುಂದೆ ಕಿಡ್ನಿ ಫೇಲ್ ಆಗಿ 1989ರಲ್ಲಿ ಬೇರೆ ಕಿಡ್ನಿ ಹಾಕಿದ್ರು, ಹಾಕಿದ್ಮೇಲೆ ಆ ತೊಂದರೆಯೆಲ್ಲ ಹೋಯ್ತು. ಇದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು. 1994ರಲ್ಲಿ ಯೇಲ್‌ನ ರಿಚರ್ಡ್ ಲಿಫ್ಟನ್ ತಂಡ ಅದೇ ಕುಟುಂಬದ ರಕ್ತ ತಗೊಂಡು ನೋಡಿದಾಗ ಈನ್ಯಾಕ್‌ನ ಬೀಟಾ ತುಂಡಿನ ಬಾಲ ತುಂಡಾಗಿರೋದು ಸಿಕ್ತು. ಸ್ವಿಟ್ಜರ್ಲೆಂಡ್‌ನ ಲೊಸಾನ್‌ನಲ್ಲಿ ರೋಸಿಯೆ ಲ್ಯಾಬಿನೋರು ಆ ಚಾನೆಲ್‌ನ ಜೀನ್ ಹೊರಗೆ ತೆಗೆದಿದ್ದು ಅದಕ್ಕೆ ಸ್ವಲ್ಪ ಮುಂಚೆ ಅಷ್ಟೇ. ಬಾಲ ಪೂರ್ತಿ ಹೋಗ್ಬೇಕು ಅಂತೇನೂ ಇಲ್ಲ, ಧಾರವಾಡದವರು ಹೇಳಿದ ಆ ಪ್ರೋಲೀನ್ ಅಥವಾ ಟೈರೋಸಿನ್ ಒಂದೇ ಒಂದು ಬದಲಾದ್ರೂ ಸಾಕು, ಅಂಥ ಕುಟುಂಬಗಳೂ ಇವೆ.

ಎರಡು ಮಾತ್ರೆಗೆ ಯಾಕೆ ಈ ವ್ಯತ್ಯಾಸ ಅಂದ್ರೆ, ಮಾಮೂಲಿ ಮನುಷ್ಯರಲ್ಲಿ ನೀರು ಉಪ್ಪು ಕಮ್ಮಿ ಆದಾಗ ಆಲ್ಡೋಸ್ಟೀರಾನ್ ಏರತ್ತೆ, ಅದು ಕೋಶದೊಳಗೆ ಎಸ್‌ಜಿಕೆ1 ಅನ್ನೋ ಕಿಣ್ವನ ಜಾಸ್ತಿ ಮಾಡತ್ತೆ, ಆ ಕಿಣ್ವ ಹೋಗಿ ನೆಡ್4-2 ಮೈಮೇಲೆ ಫಾಸ್ಫೇಟ್ ಕೂರಿಸತ್ತೆ, ಫಾಸ್ಫೇಟ್ ಕೂತ ಜಾಗಕ್ಕೆ 14-3-3 ಅನ್ನೋ ಇನ್ನೊಂದು ಪ್ರೋಟೀನ್ ಬಂದು ಅಪ್ಪಿಕೊಂಡು ಬಿಡತ್ತೆ, ಆಗ ನೆಡ್4-2 ಕೈಗೆ ಚಾನೆಲ್ ಸಿಗಲ್ಲ. ಚಾನೆಲ್ ಉಳಿಯತ್ತೆ, ಉಪ್ಪು ಉಳಿಯತ್ತೆ. ದೇಹಕ್ಕೆ ಉಪ್ಪು ಸಾಕಾದಾಗ ಹಾರ್ಮೋನ್ ಇಳಿದು ನೆಡ್4-2 ಬಿಡುಗಡೆ ಆಗಿ ಮತ್ತೆ ಕೀಳೋಕೆ ಶುರು ಮಾಡತ್ತೆ. ನಿಮ್ಮ ತಮ್ಮನಂಥವರಲ್ಲಿ ಹಾರ್ಮೋನ್ ತಾನಾಗೇ ತಗ್ಗಿದೆ, ನೆಡ್4-2 ಆರಾಮಾಗಿದೆ, ಆದ್ರೆ ಹಿಡಿಯೋ ಜಾಗವೇ ಹಾಳಾಗಿದೆ. ಹಾಗಾಗಿ ಹಾರ್ಮೋನ್ ತಡೆದು ಪ್ರಯೋಜನ ಇಲ್ಲ. ಅಮಿಲೊರೈಡ್ ನೇರ ಚಾನೆಲ್ ಬಾಯಿಗೇ ಬಿರಡೆ ಹಾಕತ್ತೆ, ಅದಕ್ಕೆ ಇಳೀತು.

ಇನ್ನೊಂದು, ಇದನ್ನ ಎಲ್ಲರೂ ಓದ್ಲಿ ಅಂತ ಹೇಳ್ತೀನಿ. ಇದೇ ಚಿತ್ರ, ಅಂದ್ರೆ ಬಿಪಿ ಜಾಸ್ತಿ ಪೊಟ್ಯಾಸಿಯಂ ಕಮ್ಮಿ ರೆನಿನ್ ಆಲ್ಡೋಸ್ಟೀರಾನ್ ಕಮ್ಮಿ, ಜ್ಯೇಷ್ಠಮಧು ಜಾಸ್ತಿ ತಿಂದ್ರೂ ಬರತ್ತೆ. ಅತಿಮಧುರ ಅಂತೀವಲ್ಲ, ಕೆಮ್ಮಿಗೆ ಗಂಟಲಿಗೆ ಅಂತ ತಿಂಗಳುಗಟ್ಟಲೆ ಪುಡಿ ತಿನ್ನೋರಿದ್ದಾರೆ. ಕಾರ್ಟಿಸಾಲ್‌ನ ಕಿಡ್ನಿಯಲ್ಲಿ ನಿಷ್ಕ್ರಿಯ ಮಾಡೋ ಕಿಣ್ವವನ್ನ ಅದು ತಡೆಯತ್ತೆ, ಆಗ ಕಾರ್ಟಿಸಾಲ್ ಹೋಗಿ ಆಲ್ಡೋಸ್ಟೀರಾನ್ ಕೂರೋ ಜಾಗದಲ್ಲಿ ಕೂರತ್ತೆ. ಇಂಥ ರಿಪೋರ್ಟ್ ಕೈಗೆ ಬಂದ ಕೂಡಲೇ ನಾನು ಕೇಳೋ ಮೊದಲ ಪ್ರಶ್ನೆ ಜ್ಯೇಷ್ಠಮಧು ತಿಂತೀರಾ ಅಂತ.

ಹಾಸನದಕ್ಕ
ಡಾಕ್ಟ್ರೇ ತುಂಬಾ ಥ್ಯಾಂಕ್ಸ್. ಬೆಂಗಳೂರಲ್ಲೂ ಅದೇ ಕೇಳಿದ್ರು, ಇಲ್ಲ ಅವನು ತಿನ್ನಲ್ಲ. ನೀವು ಬರೆದಿದ್ದನ್ನ ಅಮ್ಮನಿಗೆ ಓದಿ ಹೇಳ್ದೆ. ಅವಳು ಇಷ್ಟು ದಿನ ತನ್ನ ಮಾವಿನಕಾಯಿ ಉಪ್ಪಿನಕಾಯಿಯಿಂದಲೇ ಹೀಗಾಯ್ತು ಅಂತ ಒಳಗೊಳಗೇ ಕೊರಗ್ತಿದ್ಲಂತೆ, ನನಗೆ ಇವತ್ತೇ ಗೊತ್ತಾಗಿದ್ದು.

ನೆಫ್ರೋಮೈಸೂರು
ಅಮ್ಮನಿಗೆ ಹೇಳಿ, ಉಪ್ಪಿನಕಾಯಿ ಕಾರಣ ಅಲ್ಲ. ಆದ್ರೆ ಈಗ ಅವನಿಗೆ ಉಪ್ಪು ಕಮ್ಮಿ ಮಾಡ್ಲೇಬೇಕು, ಭರಣಿ ಸ್ವಲ್ಪ ಮೇಲಿನ ಅಟ್ಟಕ್ಕೆ ಹೋಗ್ಲಿ. ಅಮಿಲೊರೈಡ್ ಮೇಲೆ ಇರೋವಾಗ ಪೊಟ್ಯಾಸಿಯಂ ಜಾಸ್ತಿ ಕೂಡ ಆಗಬಹುದು, ಹೇಳಿದ ದಿನಕ್ಕೆ ರಕ್ತ ಪರೀಕ್ಷೆ ತಪ್ಪಿಸ್ಬೇಡಿ.

ಹೊಸಚಿಗುರು
ನಾನು ಪಿಎಚ್‌ಡಿ ಎರಡನೇ ವರ್ಷ. ನನ್ನ ಕೆಲಸವೂ ಹೀಗೇ, ಒಂದು ಜೀನ್, ಯಾವ ಅಂಗದಲ್ಲಿ ಯಾವಾಗ ಇರತ್ತೆ ಅಂತ ಗೊತ್ತು, ಏನು ಮಾಡತ್ತೆ ಗೊತ್ತಿಲ್ಲ. ಹೋದ ತಿಂಗಳು ಒಂದು ಪ್ರೆಸೆಂಟೇಶನ್‌ನಲ್ಲಿ ಕಮಿಟಿಯಲ್ಲಿದ್ದವರೊಬ್ಬರು "ಇದರಿಂದ ಯಾವ ರೋಗ ವಾಸಿ ಆಗತ್ತೆ ಒಂದು ಲೈನಲ್ಲಿ ಹೇಳಮ್ಮ" ಅಂದ್ರು. ನನ್ನ ಹತ್ರ ಆ ಒಂದು ಲೈನ್ ಇರ್ಲಿಲ್ಲ, ಹಾಸ್ಟೆಲ್‌ಗೆ ಬಂದು ಊಟ ಮಾಡದೆ ಮಲಗಿದ್ದೆ. 1992ರಲ್ಲಿ ಇಲಿ ಮೆದುಳಿನ ಜೀನ್ ಪಟ್ಟಿ ಮಾಡ್ತಿದ್ದಾಗ ಶರದ್ ಕುಮಾರ್ ಅವರನ್ನ ಇದೇ ಪ್ರಶ್ನೆ ಕೇಳಿದ್ರೆ ಅವರು ತಾನೆ ಏನು ಹೇಳೋಕಾಗ್ತಿತ್ತು? ಹಾಸನದಕ್ಕನ ಪೋಸ್ಟ್ ಓದಿ ಮನಸ್ಸು ತುಂಬಿ ಬಂತು, ಅದಕ್ಕೆ ಬರೆದೆ.

ಕೆರೆಏರಿ
ಹೊಸಚಿಗುರು, ಆ ಪಟ್ಟಿಯ ಬೇರೆ ಜೀನ್‌ಗಳು ಏನಾದ್ವು ಅಂತಲೂ ಕೇಳಮ್ಮ. ನೆಡ್2 ಅಂತ ಹೆಸರಿಟ್ಟಿದ್ದು ಕೋಶ ತಾನಾಗಿ ಸಾಯೋ ಪ್ರಕ್ರಿಯೆಯ ಪ್ರೋಟೀನ್ ಅಂತ 1994ರಲ್ಲಿ ಕುಮಾರ್ ಮತ್ತೆ ಜೊತೆಗಾರರೇ ತೋರಿಸಿದ್ರು, ಈಗ ಅದನ್ನ ಕ್ಯಾಸ್ಪೇಸ್-2 ಅಂತಾರೆ. ನೆಡ್8 ಅನ್ನೋದು ಯುಬಿಕ್ವಿಟಿನ್‌ನ ಹತ್ತಿರದ ನೆಂಟ, ಅದೂ ಬೇರೆ ಪ್ರೋಟೀನ್‌ಗಳಿಗೆ ಅಂಟ್ಕೊಂಡು ಅವುಗಳ ಕೆಲಸ ಬದಲಿಸತ್ತೆ. ಆ ಅಂಟೋದನ್ನ ತಡೆಯೋ ಔಷಧಿಯನ್ನ ಕ್ಯಾನ್ಸರ್ ರೋಗಿಗಳಲ್ಲಿ ಪ್ರಯೋಗ ಮಾಡಿ ನೋಡಿದ್ದಾರೆ. ಒಂದೇ ಪಟ್ಟಿ, ಮೂರು ದಾರಿ. ಊಟ ಬಿಡಬೇಡಮ್ಮ. ಮುಂದಿನ ಸಲ ಯಾರಾದ್ರೂ ಕೇಳಿದ್ರೆ ನೆಡ್4 ಕಥೆ ಹೇಳು, ಒಂದು ಲೈನಲ್ಲಿ ಹಿಡಿಸಲ್ಲ ಅಂತಲೂ ಹೇಳು.

ಕುಡ್ಲದಕಡಲು
ಒಂದು ಡೌಟ್ ಉಂಟು. ಈ ನೆಡ್4-2 ಕಿಡ್ನಿಯಲ್ಲಿ ಮಾತ್ರವಾ ಇರುವುದು? ನರದಲ್ಲಿ ಸಹ ಸೋಡಿಯಂ ಚಾನೆಲ್ ಉಂಟಲ್ಲ, ನೋವು ಗೊತ್ತಾಗುವುದೇ ಅದರಿಂದ ಅಂತ ಓದಿದ್ದೆ. ನನ್ನ ತಂದೆಯವರಿಗೆ ಆಕ್ಸಿಡೆಂಟ್ ಆಗಿ ಕಾಲಿನ ನರಕ್ಕೆ ಪೆಟ್ಟಾಗಿತ್ತು, ಗಾಯ ಎಲ್ಲ ಗುಣ ಆಗಿ ಎರಡು ವರ್ಷ ಆಯ್ತು, ಈಗಲೂ ಬೆಡ್‌ಶೀಟ್ ತಾಗಿದರೆ ಸಹ ಉರಿ ಅಂತ ಹೇಳ್ತಾರೆ.

ಕಪ್ಪೆಮೊಟ್ಟೆ
ಬಹಳ ಒಳ್ಳೇ ಪ್ರಶ್ನೆ. ನರದ ಸೋಡಿಯಂ ಚಾನೆಲ್ ಬೇರೆ ಮನೆತನ, ವೋಲ್ಟೇಜ್ ಬದಲಾದಾಗ ಮಿಲಿಸೆಕೆಂಡ್‌ನಲ್ಲಿ ತೆರೆದು ಮುಚ್ಚೋವು. ಆದ್ರೆ ಅವುಗಳಲ್ಲೂ ಹಲವಕ್ಕೆ ಅದೇ ಪಿವೈ ಬಾಲ ಇದೆ! 2004ರಲ್ಲಿ ಕುಮಾರ್ ಅವರ ಗುಂಪು, ಮತ್ತೆ ಅದೇ ಹೊತ್ತಿಗೆ ಹೃದಯದಲ್ಲಿರೋ ಇದೇ ಮನೆತನದ ಚಾನೆಲ್ ಮೇಲೆ ಯುರೋಪ್‌ನ ಗುಂಪೂ, ನೆಡ್4-2 ಈ ಚಾನೆಲ್‌ಗಳ ಕರೆಂಟನ್ನೂ ಇಳಿಸತ್ತೆ ಅಂತ ತೋರಿಸಿದ್ರು, ಕಪ್ಪೆ ಮೊಟ್ಟೆಯಲ್ಲೇ.

ನಿಮ್ಮ ತಂದೆಯವರಿಗೆ ಇರೋ ಥರದ ನೋವಿಗೆ ಹತ್ತಿರ ಬರೋ ಕೆಲಸ 2013ರಲ್ಲಿ ಬಂತು. ನರಕ್ಕೆ ಪೆಟ್ಟು ಮಾಡಿದ ಇಲಿಗಳಲ್ಲಿ ನೆಡ್4-2 ಕಮ್ಮಿ ಆಗಿತ್ತು, ನೋವಿನ ನರಗಳ ಎನ್‌ಎವಿ1.7 ಚಾನೆಲ್ ಜಾಸ್ತಿ ಆಗಿತ್ತು, ವೈರಸ್ ಮೂಲಕ ನೆಡ್4-2 ವಾಪಸ್ ಹಾಕಿದಾಗ ಆ ಅತಿ ಸೂಕ್ಷ್ಮತೆ ತಗ್ಗಿತು. ಇದು ಪ್ರಾಣಿಗಳಲ್ಲಿ ಮಾಡಿದ್ದು, ಮನುಷ್ಯರಿಗೆ ಇಂಥ ಚಿಕಿತ್ಸೆ ಇದೆ ಅಂತ ದಯವಿಟ್ಟು ಅಂದ್ಕೋಬೇಡಿ, ತಂದೆಯವರಿಗೆ ಸುಮ್ಮನೆ ಆಸೆ ಹುಟ್ಟಿಸೋದು ಬೇಡ. ಆದ್ರೆ ಒಂದು ಮಾತು ಅವರಿಗೆ ಹೇಳಬಹುದು, ಆ ಉರಿ ಅವರ ಕಲ್ಪನೆ ಅಲ್ಲ. ಗಾಯ ಮಾಸಿದ್ಮೇಲೂ ನರದ ಚಾನೆಲ್‌ಗಳ ಲೆಕ್ಕ ತಪ್ಪಿರಬಹುದು.

ಅಡಿಲೇಡ್‌ನವರ 2011ರ ಇನ್ನೊಂದು ಕೆಲಸ ನನಗೆ ಇಷ್ಟ. ನೆಡ್4-2 ಪೂರ್ತಿ ತೆಗೆದ ಇಲಿ ಮರಿಗಳು ಬಹುತೇಕ ಹುಟ್ಟಿದ ಕೂಡಲೇ ಸಾಯ್ತವೆ. ಬಿಪಿಯಿಂದ ಅಲ್ಲ, ಉಸಿರಿನಿಂದ. ಗರ್ಭದಲ್ಲಿ ಶ್ವಾಸಕೋಶದ ತುಂಬ ದ್ರವ ಇರತ್ತೆ, ಹುಟ್ಟೋ ಹೊತ್ತಿಗೆ ಸರಿಯಾಗಿ ಈನ್ಯಾಕ್ ಆ ದ್ರವನ ಹೀರ್ಬೇಕು. ಕೀಳೋರು ಇಲ್ಲದ ಕಾರಣ ಚಾನೆಲ್ ಜಾಸ್ತಿಯಾಗಿ ದ್ರವ ಗಡುವಿಗೆ ಮುಂಚೆಯೇ ಖಾಲಿ, ಶ್ವಾಸಕೋಶ ಕುಸಿದು ಹೋಗಿರತ್ತೆ. ಒಂದು ಪ್ರೋಟೀನ್ ಎಷ್ಟು ಇರ್ಬೇಕು ಅನ್ನೋದಷ್ಟೇ ಅಲ್ಲ, ಯಾವ ದಿನ ಎಷ್ಟು ಅನ್ನೋದೂ ಇದೆ ನೋಡಿ.

ಕುಡ್ಲದಕಡಲು
ನಿಮ್ಮ ಆ ಒಂದು ಸಾಲು ತಂದೆಯವರಿಗೆ ಓದಿ ಹೇಳಿದೆ. ಸುಮಾರು ಹೊತ್ತು ಏನೂ ಮಾತಾಡಲಿಲ್ಲ. ಮತ್ತೆ "ಎಲ್ಲರೂ ನಾಟಕ ಅಂತ ಎಣಿಸಿದ್ದರು" ಅಂತ ಹೇಳಿದರು.

ಧಾರವಾಡದಾಂವ
ಉಲ್ಟಾ ಕಥಿನೂ ಐತಿ, ಅದನ್ನ ಹೇಳದ ಬಿಟ್ರ ಇದು ಪೂರಾ ಆಗೂದಿಲ್ರಿ. ಸಿಸ್ಟಿಕ್ ಫೈಬ್ರೋಸಿಸ್ ಅಂತ ರೋಗ, ಸಿಎಫ್‌ಟಿಆರ್ ಅನ್ನೋ ಕ್ಲೋರೈಡ್ ಚಾನೆಲ್ ಕೆಟ್ಟು ಬರ್ತದ, ಜೀನ್ ಸಿಕ್ಕಿದ್ದು 1989ರಾಗ. 1480 ಅಮೈನೋ ಆಮ್ಲದ ಪ್ರೋಟೀನ್, ಅದರಾಗ 508ನೇ ಜಾಗಾದ ಫಿನೈಲಲನೀನ್ ಒಂದು ಇಲ್ಲ ಅಂದ್ರ ಅದರ ಮಡಿಕೆ ಸರಿ ಬರೂದಿಲ್ಲ. ಪೊರೆಗೆ ಹೋಗೂಕ ಮೊದಲ ಕೋಶ ಅದಕ್ಕ ಕೆಂಪು ಗುರ್ತು ಹಾಕಿ ಒಡದು ಹಾಕ್ತದ. ಖರೇ ಹೇಳ್ಬೇಕಂದ್ರ ಆ ಚಾನೆಲ್‌ನ ಹ್ಯಾಂಗರ ಮಾಡಿ ಪೊರಿಗೆ ಮುಟ್ಟಿಸಿದ್ರ ಸ್ವಲ್ಪರ ಕೆಲಸ ಮಾಡ್ತದ. 2019ರಾಗ ಅಮೆರಿಕದಾಗ ಒಪ್ಪಿಗಿ ಸಿಕ್ಕ ಮೂರು ಔಷಧಿ ಕೂಡಿದ ಮಾತ್ರಿ ಮಾಡೂದು ಇದನ್ನ, ಎರಡು ಮಡಿಕಿ ಸರಿ ಮಾಡ್ತಾವ, ಮೂರನೇದು ಬಾಗ್ಲಾ ತಗೀತದ. ಲಿಡ್ಲ್‌ದಾಗ ಕೀಳಬೇಕಾದ್ದನ್ನ ಕೀಳಲಿಲ್ಲ, ಇಲ್ಲಿ ಇರಬೇಕಾದ್ದನ್ನ ಕಿತ್ತರು. ಸೆಮಿನಾರ್‌ನ್ಯಾಗ ಇವೆರಡನ್ನೂ ಬಾಜು ಬಾಜು ಇಟ್ಟು ತೋರ್ಸಿದಾಗ ನಮ್ಮ ಮೇಡಮ್ಮರು ಇನ್ನೊಮ್ಮೆ ಹೇಳು ಅಂದ್ರು.

ಕೆರೆಏರಿ
ಇವತ್ತು ಕ್ಲಾಸಲ್ಲಿ ಹೇಳಿದೆ. ಆ ಹುಡುಗಿಗೆ, ಲೆಕ್ಕ ಇಡೋನು ಒಬ್ಬ ಅಂತ ಇಲ್ಲಮ್ಮ, ಹೊಸದು ಬರೋ ವೇಗ ಮತ್ತೆ ಹಳೇದನ್ನ ಕೀಳೋ ವೇಗ, ಇವೆರಡರ ಎಳೆದಾಟದಲ್ಲೇ ಲೆಕ್ಕ ನಿಲ್ಲತ್ತೆ ಅಂದೆ. ಅವಳು ತಕ್ಷಣ "ಹಾಗಾದ್ರೆ ಕೀಳೋದನ್ನ ಯಾರು ಕೀಳ್ತಾರೆ ಸರ್" ಅಂದ್ಲು. ನೆಡ್4-2 ತನಗೆ ತಾನೇ ಯುಬಿಕ್ವಿಟಿನ್ ಅಂಟಿಸ್ಕೊಳ್ಳತ್ತೆ ಅಂತ ಓದಿದ ನೆನಪಿತ್ತು, ಹೇಳ್ದೆ. ನೋಟ್ಸ್‌ನಲ್ಲಿ ಬರ್ಕೊಂಡ್ಲು.

ಹಾಸನದಕ್ಕ
ಎಲ್ಲರಿಗೂ ಅಪ್‌ಡೇಟ್. ಮೂರು ವಾರ ಆಗಿತ್ತು, ಇವತ್ತು ಜೀನ್ ರಿಪೋರ್ಟ್ ಬಂತು. ಬೀಟಾ ತುಂಡಿನ ಬಾಲದಲ್ಲೇ ಬದಲಾವಣೆ ಇದೆಯಂತೆ, ಲಿಡ್ಲ್ ಅಂತ ಬರೆದುಕೊಟ್ರು. ರಿಪೋರ್ಟ್ ಕೈಗೆ ತಗೊಂಡು ಈ ಥ್ರೆಡ್ ತೆರೆದು ಇಟ್ಕೊಂಡು ಒಂದೊಂದೇ ಪದ ಹೊಂದಿಸಿ ನೋಡಿದೆ, ಅರ್ಥ ಆಯ್ತು. ತಮ್ಮನ ಪೊಟ್ಯಾಸಿಯಂ ಈಗ 4.2, ಬಿಪಿ 126/80. ಸೈನ್ಯದ ಆಸೆ ಬಿಟ್ಟಿದ್ದಾನೆ, ಅದರ ಬಗ್ಗೆ ಇನ್ನೂ ಜಾಸ್ತಿ ಮಾತಾಡಲ್ಲ. ಆದ್ರೆ ಬೆಳಿಗ್ಗೆ ಮತ್ತೆ ಓಡೋಕೆ ಹೋಗ್ತಿದ್ದಾನೆ.

ತಂದೆ ತಾಯಿ ಇಬ್ಬರಲ್ಲಿ ಒಬ್ಬರಿಗಿದ್ರೂ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ ಅಂತ ಡಾಕ್ಟರ್ ಹೇಳಿದ್ರು. ಅಪ್ಪನಿಂದಲೇ ಬಂದಿರಬೇಕು ಅಂತ ನಮಗೆಲ್ಲ ಅನ್ಸತ್ತೆ. ಅಪ್ಪನ ಹಳೇ ಆಸ್ಪತ್ರೆ ಚೀಟಿಗಳನ್ನ ಅಮ್ಮ ಟ್ರಂಕ್‌ನಲ್ಲಿ ಇಟ್ಟಿದ್ಲು, ತೆಗೆದು ನೋಡಿದ್ವಿ, ಒಂದರಲ್ಲಿ ಪೊಟ್ಯಾಸಿಯಂ 2.9 ಅಂತ ಇದೆ. ಆಗ ಯಾರೂ ಅದರ ಬಗ್ಗೆ ಏನೂ ಹೇಳಿರ್ಲಿಲ್ಲ.

ನೆಫ್ರೋ ಸರ್, ನನಗೆ 29. ನಿನ್ನೆ ತಮ್ಮನ ಮಿಶಿನ್‌ನಲ್ಲಿ ನಾನೂ ಬಿಪಿ ನೋಡ್ಕೊಂಡೆ, 152/98 ಬಂತು, ಎರಡನೇ ಸಲಕ್ಕೂ ಅಷ್ಟೇ. ನನಗೆ ಕಾಲು ಸೋತು ಬರೋದು ಅದೆಲ್ಲ ಏನೂ ಇಲ್ಲ. ಪೊಟ್ಯಾಸಿಯಂ ಸರಿಯಾಗಿದ್ರೂ ಇದು ಇರಬಹುದಾ?

ನೆಫ್ರೋಮೈಸೂರು
ಇರಬಹುದು ಅಕ್ಕಾ. ಎಲ್ಲರಿಗೂ ಪೊಟ್ಯಾಸಿಯಂ ಇಳಿಯಲೇಬೇಕು ಅಂತಿಲ್ಲ. ತಮ್ಮನ ರಿಪೋರ್ಟ್‌ನಲ್ಲಿರೋ ಅದೇ ಒಂದು ಬದಲಾವಣೆ ನಿಮ್ಮಲ್ಲಿದೆಯಾ ಅಂತ ನೋಡಿದ್ರೆ ಸಾಕು, ಇಡೀ ಜೀನ್ ಹುಡುಕೋ ಕೆಲಸ ಈಗ ಇಲ್ಲ. ಅದೇ ಡಾಕ್ಟರ್ ಹತ್ರ ಹೋಗಿ, ತಡ ಮಾಡ್ಬೇಡಿ.

ಹಾಸನದಕ್ಕ
ಸೋಮವಾರ ಬೆಳಿಗ್ಗೆ ಬಸ್ಸಿಗೆ ಹೊರಡ್ತಾ ಇದ್ದೀವಿ, ತಮ್ಮನೂ ಜೊತೆಗೆ ಬರ್ತಾನೆ.